ಮೇಲಿನ ಮನೆಯ ಸದ್ದು

ಒಂಟಿ ಮನೆಯಲ್ಲಿ ಬೆಳೆದವರಿಗೆ ಸದ್ದು ಎಂದರೆ ಎರಡೇ ಬಗೆ. ಒಂದು ತಮ್ಮ ಮನೆಯದು, ಇನ್ನೊಂದು ಬೀದಿಯದು. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಮೂರನೆಯ ಬಗೆಯೊಂದು ಪರಿಚಯವಾಗುತ್ತದೆ. ಅದು ಪಕ್ಕದವರದು, ಕೆಳಗಿನವರದು, ಎಲ್ಲಕ್ಕಿಂತ ಹೆಚ್ಚಾಗಿ ಮೇಲಿನವರದು. ಬೆಳಿಗ್ಗೆ ಐದೂವರೆಗೆ ಮೇಲೆ ಕುಕ್ಕರ್ ಕೂಗಿದರೆ ಆ ಮನೆಯ ಯಜಮಾನರಿಗೆ ಮೊದಲ ಪಾಳಿಯ ಡ್ಯೂಟಿ ಎಂದು ಕೆಳಗಿನವರು ಲೆಕ್ಕ ಹಾಕುತ್ತಾರೆ. ಕುರ್ಚಿ ಎಳೆದ ಸದ್ದು, ಮಿಕ್ಸಿಯ ಸದ್ದು, ಮಗು ರಚ್ಚೆ ಹಿಡಿದ ಸದ್ದು ಎಲ್ಲವೂ ಕೆಲವೇ ವಾರಗಳಲ್ಲಿ ಅಭ್ಯಾಸವಾಗಿ, ಕೇಳಿದರೂ ಕೇಳಿಸದಂತಾಗುತ್ತವೆ. ಎಂತಹ ದೊಡ್ಡ ಸದ್ದಾದರೂ ಇಂಥದ್ದೆಂದು ಗೊತ್ತಿದ್ದರೆ ಮನುಷ್ಯ ನಿದ್ದೆ ಮಾಡಬಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ಇರುವವರು ರೈಲಿನ ಪಕ್ಕದಲ್ಲೇ ಗೊರಕೆ ಹೊಡೆಯುವುದಿಲ್ಲವೆ? ನಿದ್ದೆ ಕೆಡಿಸುವುದು ಏನೆಂದು ಗೊತ್ತಾಗದ ಸದ್ದು. ಅದು ಎಷ್ಟು ಸಣ್ಣದಾಗಿದ್ದರೂ ಅಷ್ಟೇ.

ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆ. ಅಲ್ಲಿ ನಾಲ್ಕು ಅಂತಸ್ತಿನ, ಸ್ವಲ್ಪ ಹಳೆಯದೇ ಆದ ಒಂದು ಕಟ್ಟಡ. ಹದಿನಾರು ಮನೆಗಳು. ಮೂರನೆಯ ಅಂತಸ್ತಿನ ಒಂದು ಮನೆಯಲ್ಲಿ ದ್ವಿತೀಯ ಪಿಯುಸಿ ಓದುವ ಹುಡುಗಿ. ತಂದೆ ಬ್ಯಾಂಕಿನಲ್ಲಿ ನೌಕರರು. ಫೆಬ್ರುವರಿ ತಿಂಗಳು. ಪರೀಕ್ಷೆ ಎದುರಿಗೆ ಬಂದು ನಿಂತ ಮನೆಯ ವಾತಾವರಣ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಟಿವಿಗೆ ಬಟ್ಟೆ ಮುಚ್ಚಿತ್ತು, ನೆಂಟರಿಗೆ ಈ ತಿಂಗಳು ಬರಬೇಡಿರೆಂದು ಸೂಚ್ಯವಾಗಿ ತಿಳಿಸಲಾಗಿತ್ತು, ತಾಯಿ ಫ್ಲಾಸ್ಕಿನಲ್ಲಿ ಹಾಲು ತುಂಬಿಟ್ಟು ಮಲಗುತ್ತಿದ್ದರು. ಹುಡುಗಿಗೆ ರಾತ್ರಿ ಎರಡರ ತನಕ ಓದುವ ಅಭ್ಯಾಸ.

ಹಾಗೆ ಓದುತ್ತಿದ್ದ ಒಂದು ರಾತ್ರಿ ಸೂರಿನಿಂದ ಸದ್ದು ಬಂತು. ಯಾರೋ ಗಾಜಿನ ಗೋಲಿಯನ್ನು ನೆಲಕ್ಕೆ ಬಿಟ್ಟ ಹಾಗೆ. ಮೊದಲು ಜೋರಾಗಿ ಒಂದು ಟಕ್. ಅದರ ಹಿಂದೆ ಸಣ್ಣದಾಗುತ್ತ ಹೋದ ನಾಲ್ಕಾರು ಟಕ್ ಟಕ್‌ಗಳು. ಆಮೇಲೆ ನಿಶ್ಶಬ್ದ. ಮರುದಿನ ಇಲ್ಲ. ಅದರ ಮರುದಿನ ಮತ್ತೆ. ಒಂದು ವಾರ ಕಳೆಯುವಷ್ಟರಲ್ಲಿ ತಂದೆಯೂ ಆ ಸದ್ದಿಗೆ ಎಚ್ಚರಗೊಳ್ಳತೊಡಗಿದರು. ಒಂದು ಸಲ ಎಚ್ಚರವಾದರೆ ಇನ್ನೊಂದು ಸಲ ಬರಬಹುದೆಂದು ಕಾಯುತ್ತ ಮಲಗುವುದು ಸದ್ದಿಗಿಂತ ದೊಡ್ಡ ಹಿಂಸೆ.

ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದವರು ಮೂವರು. ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ತಾಯಿ, ಒಂಬತ್ತು ವರ್ಷದ ಮಗ, ಹಾಸನದ ಕಡೆಯಿಂದ ಬಂದಿದ್ದ ಅಜ್ಜಿ. ತಾಯಿಗೆ ತಿಂಗಳಲ್ಲಿ ಹದಿನೈದು ದಿನ ರಾತ್ರಿ ಪಾಳಿ. ತಂದೆ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ಟಿದರು. ಅಜ್ಜಿ ಬಾಗಿಲು ತೆರೆದರು.

"ಅಮ್ಮ, ರಾತ್ರಿ ಹೊತ್ತು ಹುಡುಗ ಗೋಲಿ ಆಡೋದನ್ನ ಸ್ವಲ್ಪ ನಿಲ್ಲಿಸ್ಬೇಕು. ಮಗಳಿಗೆ ಪರೀಕ್ಷೆ" ಎಂದರು.

"ರಾತ್ರಿ ಎರಡು ಗಂಟೆಗೆ ಯಾವ ಮಗು ಗೋಲಿ ಆಡ್ತದಪ್ಪ? ಒಂಬತ್ತಕ್ಕೆಲ್ಲ ಮಲಗಿರ್ತಾನೆ" ಎಂದರು ಅಜ್ಜಿ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಗಿಲ ಸಂದಿಯಲ್ಲಿ ಹಾಲಿನ ಪುಡಿಯ ಹಳೆಯ ಡಬ್ಬವೊಂದು ಕಾಣುತ್ತಿತ್ತು. ಅದರ ತುಂಬ ಗೋಲಿಗಳು. ಸಾಕ್ಷಿ ಸಿಕ್ಕಿದ ಮೇಲೆ ವಿಚಾರಣೆ ಯಾಕೆ?

ಮಾತು ಬೆಳೆಯಿತು. ಅಸೋಸಿಯೇಷನ್ನಿನ ಸಭೆಯಲ್ಲಿ ವಿಷಯ ಬಂತು. ಬಾಡಿಗೆಯವರು, ಗಂಡಸರಿಲ್ಲದ ಮನೆ, ರಾತ್ರಿ ಹೊತ್ತು ಮಗುವನ್ನು ನೋಡುವವರಿಲ್ಲ ಎಂಬ ಮಾತುಗಳು, ಗೋಲಿಯ ಸದ್ದಿಗೂ ಅವಕ್ಕೂ ಏನು ಸಂಬಂಧವೆಂದು ಯಾರೂ ಕೇಳದೆ, ಒಂದರ ಹಿಂದೊಂದು ಬಂದವು. ಇದು ಹೀಗೆಯೇ ಮುಂದುವರಿದರೆ ಏಪ್ರಿಲ್ ಕೊನೆಗೆ ಮನೆ ಖಾಲಿ ಮಾಡಿಸಬೇಕೆಂದು ಫ್ಲ್ಯಾಟಿನ ಮಾಲೀಕರಿಗೆ ಬರೆಯುವುದೆಂದು ತೀರ್ಮಾನವಾಯಿತು. ಪರೀಕ್ಷೆ ಮುಗಿಯುವ ಮೊದಲು ಹುಡುಗನ ಶಾಲೆ ಬಿಡಿಸಬೇಕಾಗದಿರಲಿ ಎಂದು ಏಪ್ರಿಲ್ ತನಕ ಸಮಯ ಕೊಟ್ಟದ್ದೇ ಉಪಕಾರವೆಂಬಂತೆ ಆ ತಾಯಿಗೆ ತಿಳಿಸಲಾಯಿತು. ಆಕೆ ಜಗಳವಾಡಲಿಲ್ಲ. ನೆಲಕ್ಕೆ ಜಮಖಾನ ಹಾಸಿದರು. ಕುರ್ಚಿಗಳ ಕಾಲಿಗೆ ಹಳೆಯ ಕಾಲುಚೀಲ ತೊಡಿಸಿದರು. ಗೋಲಿಯ ಡಬ್ಬವನ್ನು ಮಗನ ಎದುರಿಗೇ ಕಸದ ಗಾಡಿಗೆ ಹಾಕಿದರು.

ಎರಡು ದಿನ ಬಿಟ್ಟು ರಾತ್ರಿ ಅದೇ ಸದ್ದು. "ನೋಡಿದ್ರಾ, ಬೇಕೂಂತಲೇ ಮಾಡ್ತಾರೆ" ಎಂದರು ಕೆಳಗಿನವರು.

ಇಲ್ಲಿ ಸ್ವಲ್ಪ ನಿಂತು ಕಿವಿಯ ವಿಚಾರ ನೋಡಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದರು. ಕಿವಿಯಾರೆ ಕೇಳಿದ್ದನ್ನು ಇನ್ನೂ ಎರಡು ಸಲ ಪರಾಂಬರಿಸಬೇಕು. ಸದ್ದು ಎಡದಿಂದ ಬಂತೋ ಬಲದಿಂದಲೋ ಎಂಬುದನ್ನು ನಮ್ಮ ಕಿವಿಗಳು ಬಹಳ ಚೆನ್ನಾಗಿ ಹೇಳುತ್ತವೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಬಲಗಡೆಯ ಸದ್ದು ಬಲಗಿವಿಗೆ ಮೊದಲು, ಎಡಗಿವಿಗೆ ಕೊಂಚ ತಡವಾಗಿ ತಲುಪುತ್ತದೆ. ಈ ಅಂತರ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ಹಿಡಿದು ದಿಕ್ಕನ್ನು ಲೆಕ್ಕ ಹಾಕುತ್ತದೆ. ಆದರೆ ನೇರ ಮೇಲಿನಿಂದ ಬಂದ ಸದ್ದು, ನೇರ ಎದುರಿನಿಂದ ಬಂದ ಸದ್ದು ಎರಡೂ ಕಿವಿಗಳಿಗೆ ಒಂದೇ ಹೊತ್ತಿಗೆ ತಲುಪುತ್ತವೆ. ಆಗ ಈ ಲೆಕ್ಕ ಕೈಕೊಡುತ್ತದೆ. ಕಿವಿಯ ಹೊರಗಿನ ಮಡಿಕೆಗಳಿಂದ ಸಿಗುವ ಅಲ್ಪಸ್ವಲ್ಪ ಸುಳಿವಿನಿಂದ ಮಿದುಳು ಅಂದಾಜು ಮಾಡಬೇಕಾಗುತ್ತದೆ.

ಕಾಂಕ್ರೀಟ್ ಕಟ್ಟಡದಲ್ಲಂತೂ ಫಜೀತಿ ಇನ್ನೂ ಹೆಚ್ಚು. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಉಕ್ಕಿನಲ್ಲಿ ಸುಮಾರು 5,000 ಮೀಟರ್. ಎಲ್ಲೋ ಒಂದು ಪೈಪು ಗೋಡೆಗೆ ಬಡಿದರೆ ಆ ಅದುರು ಕಂಬ, ತೊಲೆ, ಸೂರುಗಳನ್ನೆಲ್ಲ ಕ್ಷಣದಲ್ಲಿ ಹೊಕ್ಕು, ಇಡೀ ಸೂರೇ ತಮಟೆಯ ಚರ್ಮದಂತೆ ಅದುರಿ ಸದ್ದು ಹೊರಡಿಸುತ್ತದೆ. ಕೇಳುವವನಿಗೆ ಸೂರಿನ ಮೇಲಿನಿಂದಲೇ ಬಂತೆನಿಸುತ್ತದೆ. ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಕಟ್ಟಡವೊಂದು ಕಿವಿಗೆ ಎಂಥ ಮೋಸ ಮಾಡಬಲ್ಲದೆಂದು ಗೊತ್ತು. ಗುಮ್ಮಟದ ಒಳಗಿನ ಮೊಗಸಾಲೆಯ ಈ ಬದಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ಕೂತವರ ಕಿವಿಯ ಪಕ್ಕದಲ್ಲೇ ಯಾರೋ ಮಾತಾಡಿದಂತಾಗುತ್ತದೆ. ತಿರುಗಿ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ಅಲ್ಲಿ ಅದು ವಿನೋದ. ಮಕ್ಕಳು ಚಪ್ಪಾಳೆ ತಟ್ಟಿ ನಗುತ್ತಾರೆ. ಹದಿನಾರು ಮನೆಯ ಕಟ್ಟಡದಲ್ಲಿ ಅದೇ ಮೋಸ ಒಬ್ಬರ ಮನೆ ಖಾಲಿ ಮಾಡಿಸುತ್ತದೆ.

ಒಂದು ಸಂಜೆ ಹುಡುಗಿ ಟ್ಯೂಷನ್ನಿನಿಂದ ಬರುವಾಗ ಮೆಟ್ಟಿಲ ಮೇಲೆ ಮೇಲಿನ ಮನೆಯ ಹುಡುಗ ಒಬ್ಬನೇ ಕೂತಿದ್ದ. ಅವಳನ್ನು ಕಂಡವನೇ ಎದ್ದು ಗೋಡೆಗೆ ಸರಿದು ನಿಂತ.

"ಅಕ್ಕ, ನಾನಲ್ಲ" ಎಂದ. "ನನ್ನ ಗೋಲಿ ಎಲ್ಲ ಅಮ್ಮ ಬಿಸಾಕ್ಬಿಟ್ರು. ಆದ್ರೂ ನಾನೇ ಅಂತಾರೆ."

ಹುಡುಗಿ ಏನೂ ಹೇಳದೆ ಮೇಲೆ ಬಂದಳು. ಗೋಲಿ ಬಿಸಾಕಿದ ಮೇಲೂ ಗೋಲಿಯ ಸದ್ದು ಬಂದಿತ್ತಲ್ಲ! ಇದು ಅವಳಿಗೆ ಅಷ್ಟು ಹೊತ್ತು ಹೊಳೆದಿರಲಿಲ್ಲ. ಆ ರಾತ್ರಿ ರಸಾಯನಶಾಸ್ತ್ರದ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದಳು: ದಿನ, ಗಂಟೆ, ಸದ್ದು ಹೇಗಿತ್ತು.

ತಾಯಿಗೆ ಇದು ಹಿಡಿಸಲಿಲ್ಲ. "ಈ ಪತ್ತೇದಾರಿ ಎಲ್ಲ ಪರೀಕ್ಷೆ ಆದ್ಮೇಲೆ ಮಾಡ್ಕೊ. ಅದೇ ಹೊತ್ತನ್ನ ಕೆಮಿಸ್ಟ್ರಿಗೆ ಕೊಟ್ರೆ ನಾಲ್ಕು ಮಾರ್ಕ್ಸ್ ಜಾಸ್ತಿ ಬರುತ್ತೆ" ಎಂದರು. ತಾಯಂದಿರ ಈ ಮಾತನ್ನು ತಪ್ಪೆನ್ನಲಾಗದು. ಆದರೆ ಹುಡುಗಿ ಖರ್ಚು ಮಾಡುತ್ತಿದ್ದುದು ರಾತ್ರಿಗೆ ಅರ್ಧ ನಿಮಿಷ. ಎಚ್ಚರವಾಗಿಯೇ ಇರುತ್ತಿದ್ದಳು. ಸದ್ದು ಬಂದರೆ ಗಡಿಯಾರ ನೋಡಿ ಬರೆಯುವುದು, ಬಾರದಿದ್ದರೆ 'ಇಲ್ಲ' ಎಂದು ಬರೆಯುವುದು. ಈ 'ಇಲ್ಲ' ಎಂದು ಬರೆಯುವುದಿದೆಯಲ್ಲ, ಅದನ್ನು ಬಹಳ ಜನ ಮರೆಯುತ್ತಾರೆ. ಸದ್ದು ಬಂದ ರಾತ್ರಿಗಳು ಮನಸ್ಸಿನಲ್ಲಿ ಉಳಿಯುತ್ತವೆ, ಬಾರದ ರಾತ್ರಿಗಳು ಮರೆತುಹೋಗುತ್ತವೆ. ಆಮೇಲೆ 'ದಿನಾ ರಾತ್ರಿ' ಎಂದು ದೂರು ಹೇಳುತ್ತೇವೆ.

ಹನ್ನೆರಡು ರಾತ್ರಿ ಬರೆದ ಮೇಲೆ ಹಾಳೆಯೇ ಮಾತಾಡತೊಡಗಿತು. ಸದ್ದು ಬಂದದ್ದು ಆರು ರಾತ್ರಿ, ಸರಿಯಾಗಿ ದಿನ ಬಿಟ್ಟು ದಿನ. ಪ್ರತಿ ಸಲವೂ ಒಂದು ಮುಕ್ಕಾಲಕ್ಕೂ ಎರಡು ಗಂಟೆಗೂ ನಡುವೆ. ಆ ಆರರಲ್ಲಿ ಒಂದು ಶನಿವಾರದ ರಾತ್ರಿ. ಅಂದು ಮೇಲಿನ ಮನೆಗೆ ಬೀಗ ಹಾಕಿತ್ತು. ಮೂವರೂ ಮದುವೆಗೆಂದು ಊರಿಗೆ ಹೋಗಿದ್ದರು. ಬೀಗ ಹಾಕಿದ ಮನೆಯಲ್ಲಿ ಗೋಲಿ ಆಡಿದವರು ಯಾರು?

ಅವಳು ಹಾಳೆಯನ್ನು ತಂದೆಗೆ ತೋರಿಸಿದಳು. ಅವರು ಬ್ಯಾಂಕಿನವರು. ಕಾಲಂ ಹಾಕಿ ಬರೆದದ್ದನ್ನು ಅಲಕ್ಷ್ಯ ಮಾಡಲಾರರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಶನಿವಾರ ಅವರು ಇರ್ಲಿಲ್ಲ ಅಂತ ನಿಂಗೆ ಹೇಗೆ ಗೊತ್ತು?" ಎಂದರು. "ನೀವೇ ಅವತ್ತು ಬೀಗ ನೋಡಿ, ಸದ್ಯ ಇವತ್ತಾದ್ರೂ ನಿದ್ದೆ ಬರುತ್ತೆ ಅಂದ್ರಲ್ಲಪ್ಪ" ಎಂದಳು. ತಂದೆ ಸುಮ್ಮನಾದರು.

ಮರುದಿನ ಅವರೇ ಕೆಳಗಿನ ಎರಡನೆಯ ಅಂತಸ್ತಿನ ಮನೆಗೆ ಹೋಗಿ ರಾತ್ರಿ ಹೊತ್ತು ನಿಮಗೇನಾದರೂ ಸದ್ದು ಕೇಳುತ್ತದೆಯೆ ಎಂದು ವಿಚಾರಿಸಿದರು. ಆ ಮನೆಯವರು ಮುಖ ಮುಖ ನೋಡಿಕೊಂಡರು. ಕೊನೆಗೆ ಯಜಮಾನರು ಸಂಕೋಚದಿಂದ ಹೇಳಿದರು: "ನೀವೇ ಕೇಳಿದ್ರಿ ಅಂತ ಹೇಳ್ತೀನಿ ಸಾರ್. ಮಗಳಿಗೆ ಪರೀಕ್ಷೆ, ರಾತ್ರಿ ಎಲ್ಲ ಓಡಾಡ್ತಾ ಓದ್ತಾಳೆ, ಪೆನ್ನೋ ಕಂಪಾಸೋ ಬೀಳಿಸ್ತಿರ್ತಾಳೆ ಅಂತ ನಾವು ಸುಮ್ನಿದ್ವಿ." ಮೊದಲನೆಯ ಅಂತಸ್ತಿನವರ ಅನುಮಾನ ಎರಡನೆಯ ಅಂತಸ್ತಿನವರ ಮೇಲೆ. ನಾಲ್ಕನೆಯ ಅಂತಸ್ತಿನ ಅಜ್ಜಿಗೂ ಆ ಸದ್ದು ಕೇಳುತ್ತಿತ್ತು. ಅದು ತಾರಸಿಯ ಮೇಲಿನ ಕೋತಿಗಳದೆಂದು ಅವರು ತಿಳಿದಿದ್ದರು. ಕಟ್ಟಡದಲ್ಲಿ ಸದ್ದು ಕೇಳಿದವರೆಲ್ಲರಿಗೂ ಅದು ಮೇಲಿನ ಮನೆಯ ಸದ್ದೇ. ದೂರು ಕೊಟ್ಟವರೇ ಇನ್ನೊಬ್ಬರ ಲೆಕ್ಕದಲ್ಲಿ ಆರೋಪಿಗಳು. ಒಂದೇ ವ್ಯತ್ಯಾಸವೆಂದರೆ ಅವರ ಮೇಲಿನ ದೂರು ಸಭೆಗೆ ಬಂದಿರಲಿಲ್ಲ, ಏಕೆಂದರೆ ಅವರು ಮನೆಯ ಮಾಲೀಕರಾಗಿದ್ದರು.

ಇಷ್ಟಾದ ಮೇಲೂ ಹುಡುಗಿಗೆ ಇನ್ನೊಂದು ಪರೀಕ್ಷೆ ಮಾಡಿ ನೋಡಬೇಕೆನಿಸಿತು. ಮೇಲಿನ ಮನೆಯ ಹುಡುಗನ ಹತ್ತಿರ ಒಂದೇ ಒಂದು ಗೋಲಿ ಉಳಿದಿತ್ತು. ಕಂಪಾಸ್ ಬಾಕ್ಸಿನಲ್ಲಿ ಅಡಗಿಸಿಟ್ಟುಕೊಂಡಿದ್ದ. ಭಾನುವಾರ ಮಧ್ಯಾಹ್ನ ಅವನು ತನ್ನ ಮನೆಯಲ್ಲಿ ಜಮಖಾನ ಸರಿಸಿ ಎದೆಯ ಎತ್ತರದಿಂದ ಗೋಲಿ ಬಿಡುವುದು, ಕೆಳಗೆ ಅವಳು ಮೊಬೈಲಿನಲ್ಲಿ ಸದ್ದು ಹಿಡಿಯುವುದು ಎಂದು ಒಪ್ಪಂದವಾಯಿತು. ಅವನು ಹತ್ತು ಸಲ ಬಿಟ್ಟ. ಅಪರಾಧವೆಂದು ಹೇಳಿದ್ದನ್ನೇ ಹತ್ತು ಸಲ ಮಾಡು ಎಂದು ಯಾರಾದರೂ ಹೇಳಿದರೆ ಯಾವ ಹುಡುಗನಿಗೆ ಖುಷಿಯಾಗುವುದಿಲ್ಲ?

ಆಮೇಲೆ ಇಬ್ಬರೂ ಕೂತು ಎರಡೂ ಸದ್ದುಗಳನ್ನು ಒಂದರ ಹಿಂದೊಂದು ಕೇಳಿದರು. ನಿಜವಾದ ಗೋಲಿ ಬಿದ್ದಾಗ ಪ್ರತಿ ಪುಟಿತಕ್ಕೂ ಎತ್ತರ ಕಡಿಮೆಯಾಗುತ್ತದೆ. ಎತ್ತರ ಕಡಿಮೆಯಾದಂತೆ ಮತ್ತೆ ನೆಲ ಮುಟ್ಟಲು ಹಿಡಿಯುವ ಹೊತ್ತೂ ಕಡಿಮೆ. ಹಾಗಾಗಿ ಟಕ್‌ಗಳು ಒಂದಕ್ಕೊಂದು ಹತ್ತಿರ ಹತ್ತಿರ ಬಂದು, ಕೊನೆಗೆ ಟರ್ರ್ ಎಂದು ಕೂಡಿಕೊಂಡು, ಗೋಲಿ ಉರುಳಿ ಹೋಗುತ್ತದೆ. ರಾತ್ರಿಯ ಸದ್ದು ಹಾಗಿರಲಿಲ್ಲ. ಅದರ ಟಕ್‌ಗಳು ಸಣ್ಣದಾಗುತ್ತಿದ್ದವೇ ಹೊರತು ಹತ್ತಿರವಾಗುತ್ತಿರಲಿಲ್ಲ. ನಡುವಿನ ಬಿಡುವು ಹೆಚ್ಚುಕಡಿಮೆ ಒಂದೇ ಸಮ. ಕೊನೆಯಲ್ಲಿ ಉರುಳುವ ಸದ್ದಂತೂ ಇಲ್ಲವೇ ಇಲ್ಲ. ಅದು ಗೋಲಿಯಲ್ಲ, ತೂಗಾಡಿ ತೂಗಾಡಿ ನಿಲ್ಲುವ ಯಾವುದೋ ವಸ್ತು.

ದಿನ ಬಿಟ್ಟು ದಿನ, ರಾತ್ರಿ ಎರಡು ಗಂಟೆ. ಬೆಂಗಳೂರಿನವರಿಗೆ ಇದು ಇಷ್ಟು ಹೊತ್ತಿಗೆ ಹೊಳೆದಿರಬೇಕು. ಊರಿನ ಎಷ್ಟೋ ಬಡಾವಣೆಗಳಲ್ಲಿ ಕಾವೇರಿ ನೀರು ಬರುವುದೇ ಹಾಗೆ, ದಿನ ಬಿಟ್ಟು ದಿನ, ಕೆಲವು ಕಡೆ ಅಪರಾತ್ರಿಯಲ್ಲಿ. ಹುಡುಗಿ ಕೆಳಗೆ ಹೋಗಿ ವಾಚ್‌ಮನ್ನನ್ನು ಕೇಳಿದಳು. ಆತ ರಾಯಚೂರು ಕಡೆಯ ಹಿರಿಯ. ಸಂಪಿನ ಪಕ್ಕದ ಕೋಣೆಯಲ್ಲೇ ವಾಸ.

"ತಾತ, ಕಾವೇರಿ ನೀರು ಬಂದ ರಾತ್ರಿ ನೀವು ಮೋಟರ್ ಹಾಕ್ತೀರಾ?"

"ಹೌದು ತಂಗಿ. ಹನ್ನೆರಡರ ಸುಮಾರಿಗೆ ನೀರು ಬರ್ತಾವ. ಸಂಪ್ ತುಂಬಿ ಚೆಲ್ಲಬಾರದು ಅಂತ ಹೇಳಿ ಒಂದ್ ಗಂಟೆಕ್ಕ ಮೋಟರ್ ಚಾಲೂ ಮಾಡ್ತೀನಿ. ಮ್ಯಾಲಿನ ಟಾಕಿ ತುಂಬಿದ್ ಮ್ಯಾಲ ಎರಡರ ಒಳಗ ಬಂದ್ ಮಾಡಿ ಮಕ್ಕೋತೀನಿ."

"ಬಂದ್ ಮಾಡಿದಾಗ ಏನಾದ್ರೂ ಸದ್ದು ಬರುತ್ತಾ?"

"ಬರ್ತದಲ್ಲ! ಧಡ್ ಅಂತದ. ಪೈಪ್ ಗೋಡಿಗೆ ಬಡೀತದ. ಮಳಿಗಾಲದಾಗಿಂದ ಹಂಗ ಅದ."

"ಯಾರಿಗೂ ಹೇಳ್ಲೇ ಇಲ್ವಲ್ಲ ತಾತ?"

"ನನಗ ಯಾರ್ ಕೇಳ್ಯಾರ?" ಎಂದ ಆತ.

ನಿಜ. ಸಭೆ ನಡೆದದ್ದು ಆತನ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ. ಕುರ್ಚಿಗಳನ್ನು ತಂದು ಹಾಕಿದವನೂ ಆತನೇ. ರಾತ್ರಿಯೆಲ್ಲ ಎಚ್ಚರವಾಗಿರುವುದೇ ಕೆಲಸವಾದ ಒಬ್ಬ ಮನುಷ್ಯ ಕಟ್ಟಡದಲ್ಲಿ ಇರುವಾಗ, ರಾತ್ರಿಯ ಸದ್ದಿನ ಬಗ್ಗೆ ನಿದ್ದೆ ಮಾಡುವ ಹದಿನಾರು ಮನೆಯವರು ಚರ್ಚೆ ಮಾಡಿದ್ದರು.

ಮುಂದಿನ ಭಾನುವಾರ ಪ್ಲಂಬರ್ ಬಂದ. ಹುಡುಗಿಯ ಕೋಣೆಯ ಗೋಡೆಯ ಹಿಂದೆಯೇ ಪೈಪುಗಳು ಹಾಯುವ ಡಕ್ಟ್. ಹುಡುಗಿ ಸ್ಟೀಲ್ ಲೋಟವನ್ನು ಗೋಡೆಗೆ ಬೋರಲಿಟ್ಟು ಅದರ ತಳಕ್ಕೆ ಕಿವಿಯಿಟ್ಟು ನಿಂತಳು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದೇ ಸ್ಟೆತಾಸ್ಕೋಪಿನ ಮೊದಲು. ಗ್ಯಾರೇಜಿನ ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ರೋಗ ಪತ್ತೆ ಮಾಡುವುದೂ ಅದೇ ವಿದ್ಯೆ. ಕೆಳಗೆ ವಾಚ್‌ಮನ್ ಮೋಟರ್ ನಿಲ್ಲಿಸಿದ. ಲೋಟದಲ್ಲಿ ಟಕ್ ಎಂಬ ಸದ್ದು ಕಿವಿಗೆ ಹೊಡೆದಂತೆ ಕೇಳಿತು. ಹಿಂದೆಯೇ ಟಕ್, ಟಕ್, ಟಕ್. ಹಾಗಾದರೆ ಹಗಲೂ ಆ ಸದ್ದು ಇತ್ತು. ಮಿಕ್ಸಿ, ಟಿವಿ, ಬೀದಿಯ ವಾಹನಗಳ ನಡುವೆ ಯಾರ ಕಿವಿಗೂ ಬಿದ್ದಿರಲಿಲ್ಲ.

ಡಕ್ಟಿನ ಕಿಂಡಿ ತೆಗೆದು ಟಾರ್ಚ್ ಹಾಕಿದಾಗ ಕಾರಣ ಕಣ್ಣಿಗೇ ಕಂಡಿತು. ಹಿಂದಿನ ಮಳೆಗಾಲದಲ್ಲಿ ಡಕ್ಟಿಗೆ ಬಣ್ಣ ಹೊಡೆದವರು ಪೈಪಿನ ಕ್ಲ್ಯಾಂಪನ್ನು ಬಿಚ್ಚಿ ಮತ್ತೆ ಹಾಕಿರಲಿಲ್ಲ. ಎರಡು ಅಂತಸ್ತುಗಳ ಉದ್ದಕ್ಕೆ ಪೈಪಿಗೆ ಹಿಡಿತವೇ ಇರಲಿಲ್ಲ. ಅದು ಬಡಿದ ಜಾಗದಲ್ಲಿ ಗೋಡೆಯ ಗಾರೆ ತಟ್ಟೆಯಗಲ ಉದುರಿತ್ತು.

ಭೌತಶಾಸ್ತ್ರ ಓದುವ ಮಕ್ಕಳು ಇದರ ಲೆಕ್ಕ ಮಾಡಿ ನೋಡಬಹುದು. ಒಳವ್ಯಾಸ 40 ಮಿಲಿಮೀಟರಿನ ಪೈಪು 15 ಮೀಟರ್ ಎತ್ತರಕ್ಕೆ ನಿಂತಿದ್ದರೆ ಅದರೊಳಗಿನ ನೀರಿನ ತೂಕ ಸುಮಾರು 19 ಕಿಲೋ. ಮೋಟರ್ ಓಡುವಾಗ ಈ ನೀರು ಮೇಲಕ್ಕೆ ಹೋಗುತ್ತಿರುತ್ತದೆ. ಮೋಟರ್ ನಿಂತೊಡನೆ ಒಂದು ಗಳಿಗೆ ತಡೆದು ಕೆಳಕ್ಕೆ ಬೀಳತೊಡಗುತ್ತದೆ. ನೀರು ಸಂಪಿಗೆ ವಾಪಸಾಗದಂತೆ ಮೋಟರಿನ ಬಳಿ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಇರುತ್ತದೆ. ಬೀಳುವ ನೀರು ಅದನ್ನು ಧಡಾರನೆ ಮುಚ್ಚುತ್ತದೆ. ಓಡುವ ನೀರು ಹೀಗೆ ಥಟ್ಟನೆ ನಿಂತರೆ ಒತ್ತಡ ಎಷ್ಟು ಏರುತ್ತದೆ? ನೀರಿನ ಸಾಂದ್ರತೆ, ಪೈಪಿನೊಳಗೆ ಒತ್ತಡದ ಅಲೆಯ ವೇಗ, ನಿಂತ ನೀರಿಗೆ ಇದ್ದ ವೇಗ, ಈ ಮೂರರ ಗುಣಲಬ್ಧದಷ್ಟು. ಕಬ್ಬಿಣದ ಪೈಪಿನಲ್ಲಿ ಅಲೆಯ ವೇಗ ಸೆಕೆಂಡಿಗೆ 1,200 ಮೀಟರ್ ಎಂದಿಟ್ಟುಕೊಂಡು, ನೀರು ಸೆಕೆಂಡಿಗೆ 1 ಮೀಟರ್ ಓಡುತ್ತಿದ್ದರೆ, ಉತ್ತರ 12 ಲಕ್ಷ ಪಾಸ್ಕಲ್. ನಮ್ಮ ಮೇಲಿರುವ ವಾಯುಮಂಡಲದ ಒತ್ತಡದ ಹನ್ನೆರಡು ಪಟ್ಟು! ರಷ್ಯದ ವಿಜ್ಞಾನಿ ಝುಕೋವ್‌ಸ್ಕಿ 1890ರ ದಶಕದ ಕೊನೆಯಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ಮಾಡಿ ಈ ಲೆಕ್ಕವನ್ನು ತೋರಿಸಿಕೊಟ್ಟ. ಎಂಜಿನಿಯರುಗಳು ಇದನ್ನು 'ವಾಟರ್ ಹ್ಯಾಮರ್' ಎನ್ನುತ್ತಾರೆ, ಅಂದರೆ ನೀರಿನ ಸುತ್ತಿಗೆ. ಸುತ್ತಿಗೆಯ ಪೆಟ್ಟಿಗೆ ಹಿಡಿತವಿಲ್ಲದ ಪೈಪು ಬಾಗಿ, ಗೋಡೆಗೆ ಬಡಿದು, ಸ್ಪ್ರಿಂಗಿನಂತೆ ತೂಗಾಡಿ ನಿಲ್ಲುತ್ತದೆ. ಎಷ್ಟೋ ಊರುಗಳ ಅಪಾರ್ಟ್‌ಮೆಂಟುಗಳಲ್ಲಿ ಅಪರಾತ್ರಿಯಲ್ಲಿ ಮೇಲಿನ ಮನೆಯವರು ಗೋಲಿ ಆಡುತ್ತಾರೆಂಬ ದೂರಿನ ಹಿಂದೆ ಈ ನೀರಿನ ಸುತ್ತಿಗೆ ಇರುವುದುಂಟು.

ಪ್ಲಂಬರ್ ರಬ್ಬರ್ ಸುತ್ತಿದ ನಾಲ್ಕು ಕ್ಲ್ಯಾಂಪುಗಳನ್ನು ಬಿಗಿದ. ಹಳೆಯ ವಾಲ್ವನ್ನು ತೆಗೆದು, ಸ್ಪ್ರಿಂಗ್ ಇದ್ದು ಮೆಲ್ಲಗೆ ಮುಚ್ಚಿಕೊಳ್ಳುವ ಇನ್ನೊಂದನ್ನು ಹಾಕಿದ. ಮೋಟರ್ ನಿಲ್ಲಿಸುವ ಮೊದಲು ಗೇಟ್ ವಾಲ್ವನ್ನು ನಿಧಾನವಾಗಿ ತಿರುಗಿಸಿ ನೀರಿನ ಓಟ ತಗ್ಗಿಸಬೇಕೆಂದು ವಾಚ್‌ಮನ್ನನಿಗೆ ತೋರಿಸಿಕೊಟ್ಟ. ಅರ್ಧ ದಿನದ ಕೆಲಸ. ಆ ರಾತ್ರಿ ನೀರು ಬರುವ ಸರದಿ. ಎರಡು ಗಂಟೆ ದಾಟಿತು, ಎರಡೂಕಾಲಾಯಿತು. ಹುಡುಗಿ ಹಾಳೆಯಲ್ಲಿ 'ಇಲ್ಲ' ಎಂದು ಬರೆದು ದೀಪ ಆರಿಸಿದಳು.

ಪೈಪಿಗೆ ಕ್ಲ್ಯಾಂಪ್ ಹಾಕುವಷ್ಟು ಸುಲಭವಲ್ಲದ ಕೆಲಸ ಇನ್ನೊಂದು ಉಳಿದಿತ್ತು. ಮರುದಿನ ಬೆಳಿಗ್ಗೆ ತಂದೆ ಮತ್ತೆ ಮೆಟ್ಟಿಲು ಹತ್ತಿದರು. ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದರು. ಮಾಲೀಕರಿಗೆ ಬರೆಯಲಿದ್ದ ಕಾಗದ ರದ್ದಾಯಿತೆಂದು ಹೇಳಿ ಬಂದುಬಿಡಬಹುದಿತ್ತು. ತಂದೆ ಹಾಗೆ ಮಾಡಲಿಲ್ಲ. "ನಿಮ್ಮ ಹುಡುಗನ ಮೇಲೆ ಸುಮ್ಮನೆ ಅಪವಾದ ಹಾಕ್ದೆ. ತಪ್ಪು ನನ್ನದು" ಎಂದರು. ಆಕೆ ತುಸು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಾನೂ ಅವನನ್ನ ನಂಬ್ಲಿಲ್ಲ ಸಾರ್. ಅವತ್ತು ಎರಡೇಟು ಹಾಕ್ಬಿಟ್ಟೆ" ಎಂದರು. ಅಜ್ಜಿ ಒಳಗಿನಿಂದಲೇ, "ನಿಂತ್ಕೊಂಡೇ ಯಾಕೆ ಮಾತಾಡ್ತೀರಪ್ಪ, ಬನ್ನಿ ಕೂತ್ಕೊಳ್ಳಿ, ಕಾಫಿ ಬಗ್ಗಿಸ್ತೀನಿ" ಎಂದರು.

ದೊಡ್ಡ ದೊಡ್ಡ ವಿಜ್ಞಾನಿಗಳ ಕಥೆಯಲ್ಲೂ ಇಂತಹ ಅಪವಾದ, ಇಂತಹ ಹುಡುಕಾಟ ಬರುತ್ತದೆ. 1964ರಲ್ಲಿ ಅಮೆರಿಕದ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರ ರೇಡಿಯೊ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ, ಹಗಲೂ ರಾತ್ರಿಯೂ, ಒಂದೇ ಸಮ ಗೊರಗೊರ ಬರುತ್ತಿತ್ತು. ಆಂಟೆನಾದೊಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಅನುಮಾನ ಅವುಗಳ ಮೇಲೂ ಹೋಯಿತು. ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನೆಲ್ಲ ತೊಳೆದರೂ ಗೊರಗೊರ ನಿಲ್ಲಲಿಲ್ಲ. ಅದು ಬ್ರಹ್ಮಾಂಡ ಹುಟ್ಟಿದ ಕಾಲದಿಂದ ಉಳಿದುಬಂದ ವಿಕಿರಣವೆಂದು ಆಮೇಲೆ ತಿಳಿಯಿತು. 1978ರಲ್ಲಿ ಅವರಿಬ್ಬರಿಗೂ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ಇದಕ್ಕೆ ತಿರುಗುಮುರುಗಾದ ಕಥೆ ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೊ ದೂರದರ್ಶಕದ್ದು. ಅಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದ್ದ ವಿಚಿತ್ರ ಸಂಕೇತದ ಮೂಲ ವರ್ಷಗಟ್ಟಲೆ ಗೊತ್ತಾಗಿರಲಿಲ್ಲ. 2015ರಲ್ಲಿ ಪತ್ತೆಯಾದಾಗ ಅದು ಅಲ್ಲಿನ ಸಿಬ್ಬಂದಿಯ ಮೈಕ್ರೋವೇವ್ ಒಲೆ! ಬಿಸಿಯಾಗುವುದನ್ನು ಕಾಯಲಾರದೆ ನಡುವೆಯೇ ಬಾಗಿಲು ತೆರೆದಾಗ ಹೊರಬಿದ್ದ ಅಲೆಗಳನ್ನು ದೂರದರ್ಶಕ ಹಿಡಿದಿತ್ತು. ಒಂದು ಕಡೆ ಹಕ್ಕಿಯ ಹಿಕ್ಕೆಯೆಂದು ತಿಳಿದದ್ದು ಬ್ರಹ್ಮಾಂಡವಾಯಿತು, ಇನ್ನೊಂದು ಕಡೆ ಆಕಾಶದಲ್ಲಿ ಹುಡುಕಿದ್ದು ಅಡುಗೆಮನೆಯಲ್ಲಿ ಸಿಕ್ಕಿತು. ಎರಡೂ ಕಡೆ ದಾರಿ ತೋರಿಸಿದ್ದು ಒಂದೇ: ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ತಾಳ್ಮೆಯಿಂದ ಬರೆದಿಟ್ಟ ಲೆಕ್ಕ.

ಆ ಹುಡುಗಿ ಬರೆದ ಹಾಳೆಗೆ ಯಾವ ಪರೀಕ್ಷೆಯಲ್ಲೂ ಅಂಕವಿರಲಿಲ್ಲ. ಅವಳ ತಾಯಿ ಈಗಲೂ ಆ ನೋಟ್‌ಪುಸ್ತಕವನ್ನು ರದ್ದಿಗೆ ಹಾಕಿಲ್ಲ. ಅಸೋಸಿಯೇಷನ್ನಿನ ಸಭೆ ಇದ್ದಾಗ ವಾಚ್‌ಮನ್ನನಿಗೂ ಒಂದು ಕುರ್ಚಿ ಹಾಕಬೇಕೆಂದು ತಂದೆ ಹಟ ಹಿಡಿದರು. ಮೊದಮೊದಲು ನಿಂತೇ ಇರುತ್ತಿದ್ದ ಆತ ಈಗ ಕೂರುತ್ತಾನೆ. ಪರೀಕ್ಷೆ ಮುಗಿದ ದಿನ ಹುಡುಗಿ ಮೇಲಿನ ಮನೆಯ ಹುಡುಗನಿಗೆ ಒಂದು ಪೊಟ್ಟಣ ಗೋಲಿ ತಂದುಕೊಟ್ಟಳು. ಸಂಜೆ ಏಳರ ಸುಮಾರಿಗೆ ಮೇಲಿನ ನೆಲದ ಮೇಲೆ ಅವು ಪುಟಿಯುತ್ತವೆ, ಹತ್ತಿರ ಹತ್ತಿರವಾಗಿ, ಕೊನೆಗೆ ಟರ್ರೆಂದು ಉರುಳುತ್ತವೆ. ಕೆಳಗೆ ಪತ್ರಿಕೆ ಓದುತ್ತಿರುವ ತಂದೆ ತಲೆಯೆತ್ತುವುದಿಲ್ಲ. "ಹುಡುಗನ ಹೋಂವರ್ಕ್ ಮುಗೀತು ಅಂತ ಕಾಣುತ್ತೆ" ಎಂದು ಹಾಳೆ ತಿರುಗಿಸುತ್ತಾರೆ.